ಭಾಷಣದ ಸಿನಿಮಾಕ್ಕೆ ದುಡ್ಡು ಕೊಡಬೇಕಾ?

ಕಳೆದ ಮಳೆಗಾಲದ ಒಂದು ಸಂಜೆ. ಹೆಜಮಾಡಿಯಲ್ಲಿ ನಮ್ಮ ಪೈಕಿ ಒಬ್ಬರ ಮನೆಯ ಚಾವಡಿಯಲ್ಲಿ ಇಪ್ಪತ್ತು ಜನ ಸೇರಿದ್ದೆವು. ಹೊರಗೆ ಜೋರು ಮಳೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ಹಾಗಾಗಿ ಬೋಟಿಗೆ ಹೋಗುವವರೆಲ್ಲ ಊರಲ್ಲೇ ಇದ್ದರು. ಟಿವಿಗೆ ಮೊಬೈಲ್ ಜೋಡಿಸಿ ಒಂದು ಸಿನಿಮಾ ಹಾಕುವ ಎಂದು ಹೊರಟೆವು. ಹೆಸರು ಹೇಳುವ ಮೊದಲೇ ಒಬ್ಬರು ಕೇಳಿದರು.

"ಅದರಲ್ಲಿ ಮೆಸೇಜ್ ಉಂಟಾ?"

"ಉಂಟು."

"ಹಾಗಾದ್ರೆ ಬೇಡ ಮಾರಾಯ್ರೆ. ಮೆಸೇಜು ವಾಟ್ಸಾಪಿನಲ್ಲಿ ಬೇಕಾದಷ್ಟು ಬರ್ತದೆ."

ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಆ ಪ್ರಶ್ನೆ ಆಮೇಲೂ ತಲೆಯಲ್ಲಿ ಉಳಿಯಿತು, ಯಾಕೆಂದರೆ ಅದು ದುಡ್ಡಿನ ಪ್ರಶ್ನೆಯೂ ಹೌದು.

ಹೊರಗಿನವರಿಗೆ ಹೆಜಮಾಡಿ ಎಂದರೆ ಟೋಲ್ ಗೇಟು ಮಾತ್ರ ನೆನಪಾಗುವುದು. ನಮಗೆ ಇದು ಉಡುಪಿಗೂ ಮಂಗಳೂರಿಗೂ ಹೆಚ್ಚುಕಡಿಮೆ ನಡುವೆ ಸಿಕ್ಕಿಬಿದ್ದ ಊರು. ದೊಡ್ಡ ಪರದೆಯಲ್ಲಿ ಸಿನಿಮಾ ನೋಡಬೇಕೆಂದರೆ ಆ ಕಡೆ ಮಂಗಳೂರಿಗೆ ಹೋಗಬೇಕು, ಇಲ್ಲವಾದರೆ ಈ ಕಡೆ ಉಡುಪಿ, ಮಣಿಪಾಲಕ್ಕೆ. ನಾಲ್ಕು ಜನ ಹೋದರೆ ಬಸ್ಸು, ಟಿಕೆಟು, ಮಕ್ಕಳಿಗೆ ತಿಂಡಿ ಎಲ್ಲ ಸೇರಿ ಸಾವಿರ ರೂಪಾಯಿ ಆರಾಮಾಗಿ ದಾಟುತ್ತದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರ ಟಿಕೆಟಿಗೆ 200 ರೂಪಾಯಿ ಮಿತಿ ಹಾಕಿತು. ಖುಷಿ ಪಡುವಷ್ಟರಲ್ಲಿ ಹೈಕೋರ್ಟಿನಿಂದ ತಡೆ ಬಂತು. ದಿನಕೂಲಿಯ ಮನೆಯಲ್ಲಿ ಒಂದು ಸಿನಿಮಾ ಎಂದರೆ ಒಂದು ದಿನದ ದುಡಿಮೆ. ಅಷ್ಟು ಖರ್ಚು ಮಾಡಿ ಹೋದವರಿಗೆ ಎರಡೂವರೆ ಗಂಟೆ ಬುದ್ಧಿವಾದ ಹೇಳಿ ಕಳಿಸಿದರೆ ಸಿಟ್ಟು ಬಾರದೆ ಇರುತ್ತದಾ?

ನಾವು ಪತ್ರಿಕೋದ್ಯಮ ಓದುತ್ತಿದ್ದಾಗ ಇಂಥ ಸಿನಿಮಾಗಳನ್ನು ತಮಾಷೆ ಮಾಡುವುದು ಒಂದು ಫ್ಯಾಷನ್ ಆಗಿತ್ತು. "ಅದು ಸಿನಿಮಾ ಅಲ್ಲ, ಪಂಚಾಯತಿನ ಕರಪತ್ರ" ಎನ್ನುತ್ತಿದ್ದೆವು. ಹಾಸ್ಟೆಲಿನಲ್ಲಿ ಕೂತು ಹಾಗೆ ಹೇಳುವುದು ಸುಲಭ. ಊರಿಗೆ ಬಂದು, ಊರವರ ಜೊತೆ ಕೂತು ನೋಡಿದ ಮೇಲೆ ನಮ್ಮ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಆದರೆ ನಾವು ಅಂದುಕೊಂಡ ದಿಕ್ಕಿನಲ್ಲಿ ಬದಲಾಗಲಿಲ್ಲ, ಅದನ್ನೇ ಹೇಳಲು ಹೊರಟಿದ್ದೇವೆ.

ಆ ಸಂಜೆ ಹಾಕಿದ್ದು ರಿಷಬ್ ಶೆಟ್ಟಿ ನಿರ್ದೇಶನದ 'ಸರಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ'. 2018ರ ಸಿನಿಮಾ. ಅತ್ಯುತ್ತಮ ಮಕ್ಕಳ ಚಿತ್ರ ಎಂದು ರಾಷ್ಟ್ರಪ್ರಶಸ್ತಿ ಬಂತು. ನಿಮ್ಮಲ್ಲಿ ಹೆಚ್ಚಿನವರು ನೋಡಿರುತ್ತೀರಿ. ಕಾಸರಗೋಡಿನ ಒಂದು ಕನ್ನಡ ಶಾಲೆ. ಅಲ್ಲಿಗೆ ಕನ್ನಡ ಬಾರದ ಮೇಷ್ಟ್ರು ಬರುತ್ತಾರೆ, ಆಮೇಲೆ ಶಾಲೆಯನ್ನೇ ಮುಚ್ಚಲು ಹೊರಡುತ್ತಾರೆ. ಮಕ್ಕಳು ಮೈಸೂರಿಗೆ ಹೋಗಿ ಅನಂತನಾಗ್ ಪಾತ್ರವನ್ನು ಕರೆದುಕೊಂಡು ಬರುತ್ತಾರೆ. ಕೊನೆಗೆ ಕೋರ್ಟಿನಲ್ಲಿ ವಾದ.

ಮೊದಲರ್ಧ ಎಲ್ಲರಿಗೂ ಇಷ್ಟ. ಮಕ್ಕಳ ಜಗಳ, ಬೆಂಚು, ಮೇಷ್ಟ್ರ ಪೆಟ್ಟು, ನಮ್ಮದೇ ಭಾಷೆ. ಎರಡನೇ ಅರ್ಧದಲ್ಲಿ ಕಥೆ ನಿಂತು ಮಾತು ಶುರುವಾಗುತ್ತದೆ. ಅನಂತನಾಗ್ ಇಲ್ಲದಿದ್ದರೆ ಆ ಕೋರ್ಟಿನ ದೃಶ್ಯ ಎತ್ತಲಾಗದಷ್ಟು ಭಾರ. ಆದರೂ ನಮ್ಮ ಚಾವಡಿಯಲ್ಲಿ ಚಪ್ಪಾಳೆ ಬಿತ್ತು. ಮೆಸೇಜು ಬೇಡ ಎಂದವರೇ ಮೊದಲು ಹೊಡೆದದ್ದು.

ಸಿನಿಮಾ ಮುಗಿದು ಚಹಾ ಕುಡಿಯುವಾಗ ಮೂಲೆಯಲ್ಲಿ ಕೂತಿದ್ದ ಒಬ್ಬ ಅಜ್ಜಿ ತುಳುವಿನಲ್ಲಿ ಒಂದು ಮಾತು ಕೇಳಿದರು. ಅಲ್ಲಿ ಶಾಲೆ ಮುಚ್ಚಿಸಲು ಹೊರಟದ್ದು ಮಲಯಾಳಿ ಆಫೀಸರ್, ಸರಿ. ಈ ಕಡೆಯ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾದರಲ್ಲ, ಅದು ಯಾವ ಮಲಯಾಳಿ ಮಾಡಿದ್ದು?

ಯಾರೂ ಉತ್ತರ ಕೊಡಲಿಲ್ಲ. ಮರುದಿನ ಬೆಳಿಗ್ಗೆ ಎಂದಿನಂತೆ ಹಳದಿ ಬಣ್ಣದ ಸ್ಕೂಲ್ ವ್ಯಾನುಗಳು ಒಂದರ ಹಿಂದೆ ಒಂದು ಬಂದವು. ಹಿಂದಿನ ರಾತ್ರಿ ಚಪ್ಪಾಳೆ ತಟ್ಟಿದವರ ಮಕ್ಕಳೇ ಟೈ ಕಟ್ಟಿಕೊಂಡು ಹತ್ತಿದರು. ನಮ್ಮ ಮನೆಯ ಮಕ್ಕಳೂ ಅದರಲ್ಲಿದ್ದರು, ಮುಚ್ಚಿಡುವುದು ಯಾಕೆ.

ಒಂದು ವಿಷಯ ಸ್ಪಷ್ಟ ಮಾಡುತ್ತೇವೆ. ಕಾಸರಗೋಡಿನ ಕನ್ನಡಿಗರ ನೋವು ಸಿನಿಮಾದವರು ಹುಟ್ಟಿಸಿದ್ದಲ್ಲ. 1956ರಲ್ಲಿ ರಾಜ್ಯಗಳ ವಿಂಗಡಣೆಯಾದಾಗ ಕಾಸರಗೋಡು ಕೇರಳಕ್ಕೆ ಹೋಯಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಕೊಡಬೇಕೆಂದು ಹೇಳಿತು, ಅದು ಜಾರಿಯಾಗಲಿಲ್ಲ. 2017ರಲ್ಲಿ ಕೇರಳ ಸರಕಾರ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡಿದಾಗ ಅಲ್ಲಿಯ ಕನ್ನಡಿಗರು ಬೀದಿಗೆ ಇಳಿದರು. ಮಂಜೇಶ್ವರದವರೋ ಕುಂಬಳೆಯವರೋ ಆ ಸಿನಿಮಾ ನೋಡಿ ಚಪ್ಪಾಳೆ ತಟ್ಟಿದರೆ ಅದಕ್ಕೆ ಪೂರ್ತಿ ಅರ್ಥ ಉಂಟು.

ನಾವು ಹೆಜಮಾಡಿಯಲ್ಲಿ ಕೂತು ತಟ್ಟಿದ್ದಕ್ಕೆ ಏನು ಅರ್ಥ? ಈ ಕಡೆ ಕನ್ನಡ ಶಾಲೆಯಿಂದ ಮಕ್ಕಳನ್ನು ಬಿಡಿಸಲು ಯಾರೂ ಬಂದೂಕು ಹಿಡಿದು ನಿಲ್ಲಲಿಲ್ಲ. ಸಿನಿಮಾ ಬಂದ ಮರುವರ್ಷ, 2019ರಲ್ಲಿ, ರಾಜ್ಯ ಸರಕಾರವೇ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ಶುರು ಮಾಡಿತು. ಸಾಹಿತಿಗಳು ವಿರೋಧಿಸಿದರು. ಅಪ್ಪ ಅಮ್ಮಂದಿರು ವಿರೋಧಿಸಲಿಲ್ಲ. ಆ ಅಪ್ಪ ಅಮ್ಮಂದಿರಿಗೂ ಅವರದೇ ಆದ ಕಾರಣ ಉಂಟು. ಮೀನು ಮಾರಿ ಮಗನನ್ನು ಓದಿಸುವ ತಾಯಿ ಇಂಗ್ಲಿಷ್ ಶಾಲೆಗೆ ಹಾಕುವುದು ಕನ್ನಡದ ಮೇಲಿನ ದ್ವೇಷದಿಂದ ಅಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಮುಂಬಯಿಗೋ ಗಲ್ಫಿಗೋ ಕೆಲಸ ಹುಡುಕಿಕೊಂಡು ಹೋಗಿ ಇಂಟರ್‌ವ್ಯೂನಲ್ಲಿ ಬಾಯಿ ಕಟ್ಟಿ ನಿಂತವರನ್ನು ಅವಳು ನೋಡಿದ್ದಾಳೆ. ಈ ತಾಯಿಗೆ ಆ ಸಿನಿಮಾದಲ್ಲಿ ಒಂದೇ ಒಂದು ಮಾತು ಇಲ್ಲ. ಎದುರು ಪಕ್ಷದಲ್ಲಿ ಇರುವುದು ನಗೆಪಾಟಲಿನ ಒಬ್ಬ ಅಧಿಕಾರಿ ಮಾತ್ರ. ಅವನನ್ನು ಸೋಲಿಸಲು ಅನಂತನಾಗ್ ಬೇಕಾಗಿರಲಿಲ್ಲ, ನಮ್ಮ ವಾರ್ಡ್ ಮೆಂಬರ್ ಸಾಕಿತ್ತು.

ಇಲ್ಲಿ ನಮಗೆ ತಾಳಮದ್ದಳೆ ನೆನಪಾಗುತ್ತದೆ.

ನಮ್ಮ ಕರಾವಳಿಯವರಿಗೆ ಮಾತು ಎಂದರೆ ಅಲರ್ಜಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆಟಿ ತಿಂಗಳಲ್ಲಿ, ಮೇಳಗಳ ತಿರುಗಾಟ ನಿಂತ ಮೇಲೆ, ತಾಳಮದ್ದಳೆ ಇಟ್ಟರೆ ಗಂಟೆಗಟ್ಟಲೆ ಕೂತು ಕೇಳುತ್ತೇವೆ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಫೈಟು ಇಲ್ಲ. ಭಾಗವತರ ಪದ, ಚೆಂಡೆ ಮದ್ದಳೆ, ನಾಲ್ಕೈದು ಜನ ಅರ್ಥಧಾರಿಗಳು. ಉಳಿದದ್ದೆಲ್ಲ ಮಾತು. ಧರ್ಮ ಯಾವುದು, ಅಧರ್ಮ ಯಾವುದು ಎಂಬುದೇ ವಿಷಯ, ಅಂದರೆ ಪೂರ್ತಿ ಮೆಸೇಜು. ಆದರೂ ಬೇಸರ ಬರುವುದಿಲ್ಲ.

ಯಾಕೆ? ಎದುರಿನವನಿಗೂ ಅರ್ಥ ಹೇಳಲು ಬಿಡುತ್ತಾರೆ, ಅದಕ್ಕೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ಹಿರಿಯರು ಈಗಲೂ ಅದರ ಬಗ್ಗೆ ಹೇಳುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳುತ್ತಾನೆ. ರಾಮನೇ ಗೆಲ್ಲುವುದು, ಪ್ರಸಂಗ ಬದಲಾಗುವುದಿಲ್ಲ. ಆದರೆ ರಾಮನ ಪಾತ್ರದವರು ಬೆವರಬೇಕು, ಗೆಲುವನ್ನು ಅವರು ದುಡಿಯಬೇಕು. ವಾಲಿಯ ಮಾತಿಗೆ ತಲೆದೂಗಿದವನು ರಾಮನ ಮಾತು ಬಂದಾಗ ತನ್ನೊಳಗೇ ಸ್ವಲ್ಪ ಜಗಳ ಮಾಡಬೇಕಾಗುತ್ತದೆ. ವಾಲಿಯ ಅರ್ಥಕ್ಕೆ ಮಾತೇ ಬಾರದ ಒಬ್ಬರನ್ನು ಕೂರಿಸಿದರೆ ಅರ್ಧ ಗಂಟೆಯಲ್ಲಿ ಎಲ್ಲರೂ ಎದ್ದು ಹೋಗುತ್ತಾರೆ.

ಸಂದೇಶದ ಸಿನಿಮಾಗಳನ್ನು ಈಗ ನಾವು ಅಳೆಯುವುದು ಹೀಗೆ. ಭಾಷಣ ಇದೆಯಾ ಇಲ್ಲವಾ ಎಂದು ನೋಡುವುದಿಲ್ಲ, ವಾಲಿಗೆ ಅರ್ಥ ಹೇಳಲು ಬಿಟ್ಟಿದ್ದಾರಾ ಎಂದು ನೋಡುತ್ತೇವೆ. ಬಿಡದ ಸಿನಿಮಾದಲ್ಲಿ ತಪ್ಪು ಮಾಡುವವರು ಯಾವಾಗಲೂ ಬೇರೆ ಯಾರೋ. ಮೀಸೆ ತಿರುವುವ ರಾಜಕಾರಣಿ, ಕಪ್ಪು ಕನ್ನಡಕದ ಗುತ್ತಿಗೆದಾರ. ನಾವು ಕುರ್ಚಿಯಲ್ಲಿ ಹಾಯಾಗಿ ಕೂತು ಅವರಿಗೆ ಬೈಯುತ್ತೇವೆ, ಮನೆಗೆ ಬಂದು ಮಲಗುತ್ತೇವೆ.

ನಮ್ಮಲ್ಲಿ ಎಲ್ಲರೂ ನೋಡಿರುವ ಅತಿ ಚಿಕ್ಕ ಸಂದೇಶದ ಸಿನಿಮಾ ಯಾವುದು ಗೊತ್ತುಂಟಾ? ಥಿಯೇಟರಿನಲ್ಲಿ ಸಿನಿಮಾಕ್ಕೆ ಮೊದಲು ಬರುವ ತಂಬಾಕಿನ ಜಾಹೀರಾತು. 2012ರಿಂದ ಕಡ್ಡಾಯವಾಗಿದೆ. ತಂಬಾಕು ಕೆಟ್ಟದ್ದು, ಅದರಲ್ಲಿ ವಾದ ಇಲ್ಲ. ಆದರೆ ನಮ್ಮ ಕಡೆಯ ಥಿಯೇಟರಿನಲ್ಲಿ ಅದನ್ನು ನೋಡುತ್ತಾ ಕೂತವರಲ್ಲಿ ಬೀಡಿ ಕಟ್ಟಿದ ಹೆಂಗಸರು ಇರುತ್ತಾರೆ. ಮಡಿಲಲ್ಲಿ ಸೂಪು ಇಟ್ಟುಕೊಂಡು, ಎಲೆ ಕತ್ತರಿಸಿ, ಸಾವಿರ ಬೀಡಿಗೆ ಇಷ್ಟು ಎಂದು ಎಣಿಸಿ, ಅದರಲ್ಲೇ ಮಕ್ಕಳ ಫೀಸು ಕಟ್ಟಿ, ಮಗಳ ಮದುವೆ ಮಾಡಿದವರು. ಆ ಪರದೆ ಅವರಿಗೆ ಹೇಳುವುದು ಏನು? ನಮಗೆ ಗೊತ್ತಿರುವ ಒಬ್ಬರು ಆ ಜಾಹೀರಾತು ಬಂದಾಗ ತಲೆ ತಗ್ಗಿಸಿ ಪರ್ಸಿನಲ್ಲಿ ಏನೋ ಹುಡುಕುತ್ತಾರೆ. ಅವರ ಅರ್ಥ ಹೇಳಲು ಒಬ್ಬ ನಿರ್ದೇಶಕ ಬಂದರೆ, ಅದು ಎಷ್ಟೇ ಭಾಷಣದ ಸಿನಿಮಾ ಆದರೂ ನಾವು ಮಂಗಳೂರಿನವರೆಗೆ ಹೋಗಿ ನೋಡುತ್ತೇವೆ.

ಇನ್ನು ವಾಲಿಗೆ ಮಾತು ಕೊಟ್ಟ ಸಿನಿಮಾಗಳು. ನಮ್ಮ ಊರಿನಂಥ ಊರಿನವರು ತಪ್ಪದೆ ನೋಡಬೇಕಾದದ್ದು ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್'. 2008ರದ್ದು, ವೈದೇಹಿಯವರ ಕಥೆಯಿಂದ ಬಂದದ್ದು. ಉಮಾಶ್ರೀಗೆ ಅತ್ಯುತ್ತಮ ನಟಿ ಎಂದು ರಾಷ್ಟ್ರಪ್ರಶಸ್ತಿ ಕೊಟ್ಟ ಸಿನಿಮಾ. ಆರ್ಟ್ ಸಿನಿಮಾ ಎಂದು ಹೆದರಬೇಡಿ. ಕುಂದಾಪುರ ಕಡೆಯ ಮೀನುಗಾರರ ಊರು, ನಮ್ಮ ಕೋಡಿಯ ಹಾಗೇ ಒಂದು ಕಡೆ ಹೊಳೆ, ಒಂದು ಕಡೆ ಕಡಲು. ಗುಲಾಬಿ ಎಂಬ ಮುಸ್ಲಿಂ ಸೂಲಗಿತ್ತಿ. ಅವಳಿಗೆ ಸಿನಿಮಾದ ಹುಚ್ಚು. ಥಿಯೇಟರಿನಲ್ಲಿ ಕೂತಿದ್ದವಳನ್ನು ಹೆರಿಗೆಗೆಂದು ಎಬ್ಬಿಸಿಕೊಂಡು ಹೋಗುತ್ತಾರೆ. ಅದರ ಉಪಕಾರಕ್ಕೆ ಅವಳ ಗುಡಿಸಲಿಗೆ ಒಂದು ಬಣ್ಣದ ಟಿವಿ, ಡಿಶ್ ಬರುತ್ತದೆ. ಗಂಡಸರು ಕಡಲಿಗೆ ಹೋದ ಹೊತ್ತಿನಲ್ಲಿ ಊರಿನ ಹೆಂಗಸರು ಒಬ್ಬೊಬ್ಬರಾಗಿ ಅಲ್ಲಿ ಸೇರತೊಡಗುತ್ತಾರೆ. ಕೆಲವರು ಒಳಗೆ ಬರುತ್ತಾರೆ, ಕೆಲವರು ಹೊರಗೇ ನಿಂತು ನೋಡುತ್ತಾರೆ, ಯಾಕೆ ಎಂದು ನಿಮಗೆ ಗೊತ್ತು.

ಕಥೆಯ ಕಾಲ ಕಾರ್ಗಿಲ್ ಯುದ್ಧದ ಆಸುಪಾಸು. ಊರಿನ ಸಣ್ಣ ಮೀನುಗಾರರಿಗೆ ಟ್ರಾಲರುಗಳಿಂದ ಹೊಟ್ಟೆಪಾಡಿಗೆ ಪೆಟ್ಟು. ಟ್ರಾಲರಿನ ಮಾಲೀಕ ಒಬ್ಬ ಮುಸ್ಲಿಂ ವ್ಯಾಪಾರಿ, ಪರದೆಯ ಮೇಲೆ ಅವನು ಬರುವುದೇ ಇಲ್ಲ. ಮೀನಿನ ಜಗಳ ಮೆಲ್ಲ ಮೆಲ್ಲ ಜಾತಿ ಧರ್ಮದ ಜಗಳ ಆಗುತ್ತದೆ. ಒಬ್ಬಳು ಹುಡುಗಿ ಕಾಣೆಯಾದಾಗ ಅಪವಾದ ಬರುವುದು ಗುಲಾಬಿಯ ತಲೆಗೆ. ಕೊನೆಗೆ ಅವಳು ಊರು ಬಿಡಬೇಕಾಗುತ್ತದೆ.

ಇಡೀ ಸಿನಿಮಾದಲ್ಲಿ ಒಬ್ಬನೂ ನಿಂತು 'ಎಲ್ಲರೂ ಒಂದೇ' ಎಂದು ಭಾಷಣ ಮಾಡುವುದಿಲ್ಲ. ಅದಕ್ಕಿಂತ ಮುಖ್ಯ, ಮೀನುಗಾರರ ಸಿಟ್ಟು ಸುಳ್ಳು ಎಂದು ಅದು ಹೇಳುವುದಿಲ್ಲ. ಬಲೆಗೆ ಮೀನು ಬೀಳದವನ ಸಂಕಟ ನಿಜ. ಆ ನಿಜವಾದ ಸಿಟ್ಟು ಹೋಗಿ ಬಡಿದದ್ದು ಎಂದೂ ಟ್ರಾಲರ್ ಹತ್ತದ ಒಬ್ಬ ಬಡ ಹೆಂಗಸಿಗೆ. ನಮ್ಮ ಚಾವಡಿಯಲ್ಲಿ ಇದನ್ನು ಹಾಕಿದ ದಿನ ಚಪ್ಪಾಳೆ ಬೀಳಲಿಲ್ಲ. ಸಿನಿಮಾ ನಿಧಾನ ಎಂದು ಇಬ್ಬರು ನಡುವೆಯೇ ಎದ್ದು ಹೋದರು, ಅದನ್ನೂ ಹೇಳಬೇಕು. ಉಳಿದವರು ಬಹಳ ಹೊತ್ತು ಕೂತಿದ್ದರು. ಮಾತು ಆ ಸಿನಿಮಾ ಬಿಟ್ಟು, ಊರಲ್ಲಿ ಹಿಂದೆ ನಡೆದ ಒಂದು ಜಗಳಕ್ಕೆ ಹೋಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ, ಚಾವಡಿಯ ಮಾತು ಚಾವಡಿಯಲ್ಲೇ ಇರಲಿ. ಆದರೆ ಆ ಮಾತು ಶುರುವಾಗಲು ಒಂದು ಸಿನಿಮಾ ಬೇಕಾಯಿತು.

ಹಾಗಂತ ಭಾಷಣ ಇಲ್ಲದ್ದು ಮಾತ್ರ ಒಳ್ಳೆಯದು ಎಂದು ನಾವು ಹೇಳುತ್ತಿಲ್ಲ. ಮಲಯಾಳದ 'ದಿ ಗ್ರೇಟ್ ಇಂಡಿಯನ್ ಕಿಚನ್' ಎಷ್ಟು ಕೈ ಒತ್ತಿ ಬರೆದ ಸಿನಿಮಾ ಎಂದರೆ ಅಕ್ಷರ ಹಾಳೆಯ ಹಿಂದೆಯೂ ಮೂಡಿದೆ. ಜಿಯೋ ಬೇಬಿ ನಿರ್ದೇಶನ, 2021. ಕತ್ತರಿಸುವುದು, ಬೇಯಿಸುವುದು, ಬಡಿಸುವುದು, ತೊಳೆಯುವುದು, ಸೋರುವ ಸಿಂಕು. ಮತ್ತೆ ಅದೇ, ಮತ್ತೆ ಅದೇ. ಕೊನೆಯ ಭಾಗದಲ್ಲಿ ಹೇಳಬೇಕಾದದ್ದನ್ನು ಮೂರು ಸಲ ಹೇಳುತ್ತದೆ. ನಮ್ಮಲ್ಲಿ ಒಬ್ಬರಿಗೆ ಅದು ಅತಿ ಎನಿಸಿತು. ಇನ್ನೊಬ್ಬರು, ಅವರು ಹೆಣ್ಣುಮಗಳು, "ನಿನಗೆ ಒಂದೂಮುಕ್ಕಾಲು ಗಂಟೆ ನೋಡಿದ್ದೇ ಅತಿ ಆಯ್ತಾ?" ಎಂದರು.

ಅಲ್ಲಿಯ ಮಾವ ಕೆಟ್ಟವರಲ್ಲ. ಗಟ್ಟಿಯಾಗಿ ಮಾತೇ ಆಡುವುದಿಲ್ಲ. ಅನ್ನ ಕುಕ್ಕರಿನಲ್ಲಿ ಬೇಡ, ಒಲೆಯಲ್ಲಿ ಮಾಡಿದರೆ ರುಚಿ ಎಂದು ಮೆಲ್ಲಗೆ ಹೇಳುತ್ತಾರೆ. ತನ್ನ ಬಟ್ಟೆ ಮೆಶಿನ್ನಿಗೆ ಹಾಕಬೇಡ ಎಂದೂ ಅಷ್ಟೇ ಮೆಲ್ಲಗೆ ಹೇಳುತ್ತಾರೆ. ಗಂಡ ಶಾಲೆಯಲ್ಲಿ ಪಾಠ ಮಾಡುವವನು. ಪರದೆಯ ಮೇಲೆ ಮಾತು ಕಡಿಮೆ, ಹಾಗಾಗಿ ಮಲಯಾಳಂ ಬಾರದವರಿಗೂ ಎಲ್ಲ ಅರ್ಥವಾಯಿತು. ಗಂಡಸರು ಅರ್ಧದಲ್ಲಿ ಮೊಬೈಲ್ ತೆಗೆದರು. ಹೆಂಗಸರು ಪೂರ್ತಿ ನೋಡಿದರು. ಮುಗಿದ ಮೇಲೆ ಒಬ್ಬರು ಹೇಳಿದ್ದು ಇಷ್ಟೇ: "ಕುಚ್ಚಲಕ್ಕಿ ಕುಕ್ಕರಿನಲ್ಲಿ ಸರಿ ಆಗುವುದಿಲ್ಲ ಅಂತ ನಮ್ಮ ಮಾವನೂ ಹೇಳ್ತಿದ್ರು. ಹದಿನೆಂಟು ವರ್ಷ ಕೇಳಿದೆ." ಅವರ ಗಂಡ ಅಲ್ಲೇ ಇದ್ದರು, ಕೇಳಿಸದವರ ಹಾಗೆ ಚಾರ್ಜರ್ ಹುಡುಕಿದರು.

ಆ ಮಾತು ಹದಿನೆಂಟು ವರ್ಷ ಹೊರಗೆ ಬಂದಿರಲಿಲ್ಲ. ಕಲೆಯ ದೃಷ್ಟಿಯಿಂದ ಸಿನಿಮಾದ ಕೊನೆ ಭಾರವಾಯಿತು ಎಂದು ನಾವು ಬರೆದರೆ ಬರೆಯಬಹುದು. ಆದರೆ ಆ ಮನೆಯಲ್ಲಿ ಅದು ಮಾಡಿದ ಕೆಲಸದ ಮುಂದೆ ನಮ್ಮ ಟೀಕೆಗೆ ಎಷ್ಟು ಬೆಲೆ ಎಂದು ನಮಗೇ ಅನುಮಾನ.

ಇನ್ನು ಕೆಲವು ಬೇಗ ಹೇಳಿ ಮುಗಿಸುತ್ತೇವೆ.

'ಬಂಗಾರದ ಮನುಷ್ಯ', 1972. ಸಿದ್ದಲಿಂಗಯ್ಯನವರ ನಿರ್ದೇಶನ, ಟಿ.ಕೆ. ರಾಮರಾಯರ ಕಾದಂಬರಿ. ದುಡಿ, ಮಣ್ಣನ್ನು ನಂಬು ಎಂದು ಮುಚ್ಚುಮರೆ ಇಲ್ಲದೆ ಹೇಳುವ ಸಿನಿಮಾ. ಅದನ್ನು ನೋಡಿ ಪೇಟೆ ಬಿಟ್ಟು ಊರಿಗೆ ಬಂದು ಕೃಷಿ ಹಿಡಿದವರಿದ್ದಾರೆ ಎಂದು ಹಿರಿಯರು ಹೇಳುತ್ತಾರೆ. ರಾಜ್‌ಕುಮಾರ್ ಮಾಯೆ ಎಂದು ಬಿಟ್ಟುಬಿಡಬಹುದು, ಆದರೆ ಕೊನೆಯನ್ನು ನೆನಪಿಸಿಕೊಳ್ಳಿ. ಮನೆಗಾಗಿ ದುಡಿದವನನ್ನು ಮನೆಯವರೇ ಸಂಶಯದಿಂದ ನೋಡುತ್ತಾರೆ, ಅವನು ಎದ್ದು ಹೋಗುತ್ತಾನೆ. ದುಡಿದರೆ ಎಲ್ಲ ಸರಿಯಾಗುತ್ತದೆ ಎಂಬ ಸುಲಭದ ಮಾತನ್ನು ಅದು ಹೇಳಲಿಲ್ಲ.

ನಮ್ಮ ಕೋಟದ ಶಿವರಾಮ ಕಾರಂತರ ಕಾದಂಬರಿಯಿಂದ ಬಿ.ವಿ. ಕಾರಂತರು 1975ರಲ್ಲಿ ಮಾಡಿದ 'ಚೋಮನ ದುಡಿ'ಯಲ್ಲಿ ನೀರಿಗೆ ಬಿದ್ದ ಮಗನನ್ನು ಎತ್ತಲು ದಡದಲ್ಲಿದ್ದವರು ಮುಟ್ಟುವುದಿಲ್ಲ. ಅದರ ಮೇಲೆ ಒಂದು ಸಾಲು ಭಾಷಣ ಬೇಕಾ? ಬೇಡ. ಮಕ್ಕಳಿಗೆ ತೋರಿಸಿ. ಪಕ್ಕದಲ್ಲಿ ಕೂತು ತೋರಿಸಿ, ಪ್ರಶ್ನೆ ಕೇಳುತ್ತಾರೆ.

ಮಂಸೋರೆಯವರ 'ಆಕ್ಟ್ 1978', 2020ರದ್ದು. ಪರಿಹಾರದ ಹಣಕ್ಕೆ ಅಲೆದು ಸಾಕಾದ ತುಂಬು ಗರ್ಭಿಣಿಯೊಬ್ಬಳು ಹೊಟ್ಟೆಗೆ ಬಾಂಬು ಕಟ್ಟಿಕೊಂಡು ಸರಕಾರಿ ಕಚೇರಿಯನ್ನೇ ಒತ್ತೆ ಇಟ್ಟುಕೊಳ್ಳುತ್ತಾಳೆ. ಯಜ್ಞಾ ಶೆಟ್ಟಿ ಚೆನ್ನಾಗಿ ಮಾಡಿದ್ದಾರೆ. ಪಾತ್ರಗಳು ಕೆಲವೊಮ್ಮೆ ಪೇಪರಿನ ಸಂಪಾದಕೀಯದ ಹಾಗೆ ಮಾತಾಡುತ್ತವೆ. ಆದರೂ ಹೆದ್ದಾರಿ ಅಗಲವಾದಾಗ ಜಾಗ ಕಳಕೊಂಡು ಫೈಲು ಹಿಡಿದು ಓಡಾಡಿದವರು ನಮ್ಮ ಸುತ್ತ ಇದ್ದಾರೆ. ಅವರಿಗೆ ಇದು ಭಾಷಣ ಅನಿಸುವುದಿಲ್ಲ. ನೋಡಬಹುದು.

ಅದೇ ನಿರ್ದೇಶಕರ '19.20.21' ಬಗ್ಗೆ ನಮ್ಮೊಳಗೇ ಜಗಳ ಉಂಟು. 2023ರ ಸಿನಿಮಾ. ಕುತ್ಲೂರಿನ ಮಲೆಕುಡಿಯ ಸಮುದಾಯದ ಒಬ್ಬ ಪತ್ರಿಕೋದ್ಯಮ ವಿದ್ಯಾರ್ಥಿಯನ್ನು ನಕ್ಸಲ್ ನಂಟಿನ ಆರೋಪದಲ್ಲಿ 2012ರಲ್ಲಿ ಬಂಧಿಸಿದರು, 2021ರಲ್ಲಿ ಕೋರ್ಟು ನಿರ್ದೋಷಿ ಎಂದಿತು. ಆ ಪ್ರಕರಣದಿಂದ ಹುಟ್ಟಿದ ಕಥೆ. ಹೆಸರಿನಲ್ಲಿರುವುದು ಸಂವಿಧಾನದ ಮೂರು ವಿಧಿಗಳು. ಕೋರ್ಟಿನ ದೃಶ್ಯಗಳು ಒಣ ಒಣ, ಪೊಲೀಸರು ಒಂದೇ ಬಣ್ಣ, ವಾಲಿಗೆ ಇಲ್ಲಿಯೂ ಅರ್ಥ ಇಲ್ಲ ಎಂದು ನಮ್ಮಲ್ಲಿ ಇಬ್ಬರ ವಾದ. ಅವರ ಮಾತು ತಪ್ಪಲ್ಲ. ಉಳಿದವರಿಗೆ ಅಳತೆಗೋಲು ಹಿಡಿಯಲು ಕೈ ಬರಲಿಲ್ಲ. ಮನೆಯಲ್ಲಿ ಸಿಕ್ಕಿದ ಭಗತ್ ಸಿಂಗ್ ಪುಸ್ತಕವೂ ಸಾಕ್ಷಿ ಎಂದು ಲೆಕ್ಕಕ್ಕೆ ಬಂತು ಎಂದಾಗ, ನಮ್ಮ ನಮ್ಮ ಕಪಾಟು ನೆನಪಾಯಿತು. ಕಾರ್ಕಳ ದಾಟಿದರೆ ಆ ಕಾಡಂಚು ದೂರವೇನಲ್ಲ. ಪತ್ರಿಕೋದ್ಯಮ ಓದಿದ ನಾವೇ ಆ ಒಂಬತ್ತು ವರ್ಷದಲ್ಲಿ ಅದರ ಬಗ್ಗೆ ಎಷ್ಟು ಬರೆದೆವು ಎಂದು ಲೆಕ್ಕ ಹಾಕಿದರೆ ಒಂದು ಪುಟವೂ ಆಗುವುದಿಲ್ಲ.

ನಮ್ಮ ಮಾತಿಗೆ ಎದುರು ಮಾತೂ ಉಂಟು, ಅದನ್ನು ಹೇಳಿದವರು ಆ ಮೊದಲ ದಿನ ಮೆಸೇಜು ಬೇಡ ಎಂದವರೇ. "ಹತ್ತು ದಿನ ಕಡಲಲ್ಲಿ ಇದ್ದು ಬಂದವನಿಗೆ ನಗಲಿಕ್ಕೆ ಬೇಕು. ಊರಿನ ಕಷ್ಟ ನೋಡಲಿಕ್ಕೆ ನನಗೆ ಟಿಕೆಟ್ ಬೇಡ, ಬಾಗಿಲು ತೆಗೆದರೆ ಸಾಕು." ಇದಕ್ಕೆ ನಮ್ಮ ಹತ್ತಿರ ಉತ್ತರ ಇಲ್ಲ. ನಗಿಸುವ ತುಳು ಸಿನಿಮಾ ಬಂದರೆ ನಾವೂ ಮೊದಲ ವಾರವೇ ಹೋಗುತ್ತೇವೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕು ಬರುವುದನ್ನು ಕಡಿಮೆ ಎಂದು ಯಾರೂ ತಿಳಿಯಬಾರದು.

ಆದರೆ ಅವರೇ ಇನ್ನೊಂದು ಮಾತು ಎತ್ತಿದರು. ಲೈಟ್ ಫಿಶಿಂಗ್ ಬಗ್ಗೆ ಯಾಕೆ ಒಂದು ಸಿನಿಮಾ ಮಾಡುವುದಿಲ್ಲ ನೀವು ಓದಿದವರು?

ಗೊತ್ತಿಲ್ಲದವರಿಗೆ ಹೇಳುವುದಾದರೆ, ರಾತ್ರಿ ಕಡಲಿಗೆ ಜೋರಾದ ಬೆಳಕು ಬಿಟ್ಟು, ಬೆಳಕಿಗೆ ಮರಿ ಸಮೇತ ಸೇರುವ ಮೀನನ್ನು ಒಟ್ಟಿಗೆ ಎತ್ತುವುದು. 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ಇದನ್ನು ನಿಷೇಧ ಮಾಡಿತು. ನಾಡದೋಣಿಯವರಿಗೆ ಇದರಿಂದ ಬಲೆ ಖಾಲಿ, ಹಾಗಾಗಿ ಪ್ರತಿಭಟನೆ, ಮನವಿ, ಮತ್ತೆ ಪ್ರತಿಭಟನೆ. ಒಳ್ಳೆಯ ವಿಷಯ. ಭಾಷಣದ ಸಿನಿಮಾ ಮಾಡಲು ಹೇಳಿ ಮಾಡಿಸಿದ ಹಾಗಿದೆ. ನಾಡದೋಣಿಯ ಬಡ ಹೀರೋ, ದೊಡ್ಡ ಬೋಟಿನ ದುಷ್ಟ ಮಾಲೀಕ, ಕೊನೆಗೆ ಜಿಲ್ಲಾಧಿಕಾರಿಗಳ ಎದುರು ಮೈನವಿರೇಳಿಸುವ ಮಾತು.

ಮುಂದೆ ಅವರೇ ಹೇಳಿದರು. ಮಾಲೀಕ ದುಷ್ಟ ಅಂತ ಮಾಡಬೇಡಿ. ಅವನಿಗೆ ಬ್ಯಾಂಕ್ ಸಾಲ ಉಂಟು, ಡೀಸೆಲ್ ಉಂಟು. ಅವನ ಬೋಟಿಗೆ ಹೋಗುವವರು ಯಾರು? ನಾಡದೋಣಿಯವನ ತಮ್ಮ. ಒಂದೇ ಮನೆಯಲ್ಲಿ ಅಣ್ಣ ಪ್ರತಿಭಟನೆಗೆ ಹೋಗುತ್ತಾನೆ, ತಮ್ಮ ರಾತ್ರಿ ಬೋಟಿಗೆ ಹೋಗುತ್ತಾನೆ. ಇಬ್ಬರಿಗೂ ತಾಯಿ ಒಂದೇ ಪಾತ್ರೆಯಿಂದ ಗಂಜಿ ಬಡಿಸುತ್ತಾಳೆ. ಇದನ್ನು ತೋರಿಸಿದರೆ ನಾನು ದುಡ್ಡು ಕೊಟ್ಟು ನೋಡುತ್ತೇನೆ, ಭಾಷಣ ಇದ್ದರೂ ಅಡ್ಡಿಯಿಲ್ಲ.

ಮೂರು ವರ್ಷ ಪತ್ರಿಕೋದ್ಯಮ ಓದಿ ನಾವು ಇಷ್ಟು ಚೆನ್ನಾಗಿ ಹೇಳಲಾರೆವು.

ಹತ್ತಿರ ಹತ್ತಿರ ಇಂಥದ್ದೊಂದು ಸಿನಿಮಾ ತುಳುವಿನಲ್ಲಿ ಬಂದಿದೆ. ಅಭಯ ಸಿಂಹ ಅವರ 'ಪಡ್ಡಾಯಿ', 2018. ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು ನಮ್ಮ ಕರಾವಳಿಯ ಮೀನುಗಾರರ ನಡುವೆ ತಂದು ನಿಲ್ಲಿಸಿದ್ದಾರೆ. ಮೇಲೇರುವ ಆಸೆ ಒಂದು ಗಂಡ ಹೆಂಡತಿಯನ್ನು ಎಲ್ಲಿಗೆ ಒಯ್ಯುತ್ತದೆ ಎಂಬ ಕಥೆ. ತಪ್ಪು ಮಾಡುವವರೇ ಅಲ್ಲಿ ಮುಖ್ಯ ಪಾತ್ರ, ಅಂದರೆ ಇಡೀ ಅರ್ಥಗಾರಿಕೆ ವಾಲಿಯದ್ದೇ. ಅತ್ಯುತ್ತಮ ತುಳು ಚಿತ್ರ ಎಂದು ರಾಷ್ಟ್ರಪ್ರಶಸ್ತಿ ಪಡೆದಿದೆ. ಬರುವ ಜೂನಿನಲ್ಲಿ, ಬೋಟುಗಳು ದಡ ಹತ್ತಿದ ಮೇಲೆ, ಚಾವಡಿಯಲ್ಲಿ ಹಾಕುವುದು ಎಂದು ತೀರ್ಮಾನವಾಗಿದೆ. ಮೆಸೇಜ್ ಉಂಟಾ ಎಂದು ಈ ಸಲ ಕೇಳಲಿಲ್ಲ, ಕರೆಂಟು ಹೋದರೆ ಏನು ಮಾಡುವುದು ಎಂದು ಕೇಳಿದರು.

ಅಜ್ಜಿಯ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ಬರುವ ಜೂನಿನಲ್ಲಿ ನಮ್ಮ ಪೈಕಿ ಒಬ್ಬರ ಮಗಳು ಒಂದನೇ ತರಗತಿಗೆ. ಅವರು ಊರಿನ ಕನ್ನಡ ಶಾಲೆಯ ಅರ್ಜಿಯನ್ನೂ ವ್ಯಾನು ಬರುವ ಶಾಲೆಯ ಅರ್ಜಿಯನ್ನೂ ತಂದು ಟಿವಿಯ ಮೇಲೆ ಇಟ್ಟಿದ್ದಾರೆ. ಎರಡನ್ನೂ ಇನ್ನೂ ತುಂಬಿಲ್ಲ.